ಮಗಳು ಕೇಳಿದ ಪ್ರಶ್ನೆ: ನಮ್ಮ ರೇಸಿಂಗ್ ಹುಚ್ಚಿಗೆ ಗಾಳಿ ಎಷ್ಟು ಬೆಲೆ ತೆರ್ತಿದೆ?

ಕಾರ್ಟಿಂಗ್ ಅಪ್ಪ | ವಿದ್ಯಾರಣ್ಯಪುರ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸಾಮಾನ್ಯವಾಗಿ ನಾನು ಇಲ್ಲಿ ಕೇಳೋದು ಟೈರ್ ಪ್ರೆಷರ್, ಸ್ಪ್ರಾಕೆಟ್, ಕಾರ್ಬ್ಯುರೇಟರ್ ಜೆಟ್ ವಿಷಯ. ಇವತ್ತಿನದು ಬೇರೆ.

ನನ್ನ ಮಗಳಿಗೆ 11 ವರ್ಷ. ಎರಡು ವರ್ಷದಿಂದ ಕಾರ್ಟ್, ಅಂದ್ರೆ ಪುಟ್ಟ ರೇಸ್ ಗಾಡಿ, ಓಡಿಸ್ತಾಳೆ. ಮೊನ್ನೆ ಶಾಲೆಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಹಳೇ ವಿಡಿಯೊ ತೋರಿಸಿದ್ದಾರೆ. ಆಮೇಲೆ ಹೊಗೆ ಕಡಿಮೆ ಮಾಡೋಕೆ ನಿಮ್ಮ ನಿಮ್ಮ ಮನೇಲಿ ಏನೇನು ಮಾಡ್ತೀರಿ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ದಾರೆ. ಇವಳ ಸರದಿ ಬಂದಾಗ ಪಕ್ಕದ ಹುಡುಗ, "ಮಿಸ್, ಇವಳು ಸುತ್ತು ಹೊಡೆದು ಅದೇ ಜಾಗಕ್ಕೆ ಬರೋಕೆ ಪೆಟ್ರೋಲ್ ಸುಡ್ತಾಳೆ" ಅಂದನಂತೆ. ಸಂಜೆ ತಿಂಡಿ ಮುಟ್ಟಲಿಲ್ಲ. ರಾತ್ರಿ ಮಲಗೋ ಹೊತ್ತಿಗೆ, "ಅಪ್ಪಾ, ಅವನು ಹೇಳಿದ್ದು ನಿಜಾನಾ?" ಅಂತ ಕೇಳಿದಳು.

ಸುಳ್ಳು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವಳದು 125 ಸಿಸಿ ಟು ಸ್ಟ್ರೋಕ್. ಪ್ರಾಕ್ಟೀಸ್ ದಿನ ಅಂದ್ರೆ 8ರಿಂದ 10 ಲೀಟರ್ ಹೋಗುತ್ತೆ. ಟೈರಿಗೆ ಎಷ್ಟು, ಎಂಟ್ರಿ ಫೀಸಿಗೆ ಎಷ್ಟು ಅಂತ ರೂಪಾಯಿ ಲೆಕ್ಕ ಇಟ್ಟಿದ್ದೀನಿ. ಹೊಗೆ ಲೆಕ್ಕ ಇಟ್ಟಿಲ್ಲ. ಆ ಮಗುಗೆ ಏನು ಹೇಳಲಿ? ಸಮಾಧಾನದ ಮಾತು ಬೇಡ, ಗೊತ್ತಿರೋರು ವಿಷಯ ಹೇಳಿ.

ಆರೆಕ್ಸ್ ಪ್ರೇಮಿ | ಶ್ರೀರಾಂಪುರ | ರಾತ್ರಿ 9:58

ಅಣ್ಣಾ, ಮಗುಗೆ ಬೇಜಾರು ಮಾಡ್ಕೋಬೇಡ ಅಂತ ಹೇಳಿ. ಈ ಊರಲ್ಲಿ ಒಂದು ಕೋಟಿಗಿಂತ ಹೆಚ್ಚು ಗಾಡಿಗಳಿವೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಒಂದು ಸಂಜೆ ನಿಂತ ಜಾಗದಲ್ಲೇ ಸುಟ್ಟುಹೋಗೋ ಪೆಟ್ರೋಲ್ ಮುಂದೆ ಅವಳ ಕಾರ್ಟ್ ಯಾವ ಲೆಕ್ಕ? ಊರೆಲ್ಲ ಕೊಳಚೆ ಹರಿಸಿ, ಒಂದು ಮಗು ಕೈ ತೊಳೆದ ನೀರನ್ನ ಬೈದ ಹಾಗಾಯ್ತು ಇದು.

ಪಿಟ್‌ವಾಲ್ | ಮಲ್ಲೇಶ್ವರಂ | ರಾತ್ರಿ 10:31

ಲೆಕ್ಕ ಕೇಳಿದ್ದೀರಿ, ನನಗೆ ಗೊತ್ತಿರೋ ದೊಡ್ಡ ಲೆಕ್ಕ ಕೊಡ್ತೀನಿ.

2019ರ ನವೆಂಬರ್‌ನಲ್ಲಿ ಫಾರ್ಮುಲಾ ಒನ್ ತನ್ನ ಹೊಗೆಯ ಲೆಕ್ಕವನ್ನ ತಾನೇ ಹೊರಗೆ ಹಾಕಿತು. 2018ರ ಇಡೀ ಸೀಸನ್ನಿಗೆ 2,56,551 ಟನ್ ಇಂಗಾಲದ ಡೈಆಕ್ಸೈಡ್. ಇದರಲ್ಲಿ ಕಾರುಗಳ ಎಂಜಿನ್ ಉಗುಳಿದ್ದು ಶೇ 0.7 ಮಾತ್ರ. ನೂರು ರೂಪಾಯಿಗೆ ಎಪ್ಪತ್ತು ಪೈಸೆ. ಶೇ 45 ಹೋಗಿದ್ದು ಸಾಮಾನು ಸಾಗಣೆಗೆ, ಅಂದ್ರೆ ಕಾರು, ಟೈರು, ಗ್ಯಾರೇಜಿನ ಗೋಡೆ ಸಮೇತ ವಿಮಾನ, ಹಡಗು, ಲಾರಿಗಳಲ್ಲಿ ಖಂಡದಿಂದ ಖಂಡಕ್ಕೆ. ಶೇ 27.7 ಜನರ ಓಡಾಟ ಮತ್ತು ಹೋಟೆಲ್. ಶೇ 19.3 ಕಾರ್ಖಾನೆ, ಕಚೇರಿ. ಉಳಿದ ಶೇ 7.3 ರೇಸ್ ನಡೆಸೋ ಏರ್ಪಾಡು. ನಮ್ಮಂಥ ಪ್ರೇಕ್ಷಕರು ಬಂದು ಹೋಗೋ ಹೊಗೆ ಈ ಲೆಕ್ಕದೊಳಗೆ ಸೇರೇ ಇಲ್ಲ.

ಇದನ್ನ ಮೊದಲ ಸಲ ಓದಿದಾಗ ನನ್ನ ಯೋಚನೆಯೇ ತಿರುಗಿತು. ಅಷ್ಟು ವರ್ಷ ನಾನು ಎಂಜಿನ್ ಹಿಡ್ಕೊಂಡೇ ವಾದ ಮಾಡ್ತಿದ್ದೆ. 2014ರಲ್ಲಿ 1.6 ಲೀಟರಿನ ಹೈಬ್ರಿಡ್ ವಿ6, ಅಂದ್ರೆ ಎಲೆಕ್ಟ್ರಿಕ್ ಮೋಟರೂ ಸೇರಿದ ಆರು ಸಿಲಿಂಡರಿನ ಎಂಜಿನ್ ಬಂತು. ಇಂಧನದ ಶಾಖದಲ್ಲಿ ಅರ್ಧದಷ್ಟನ್ನ ಕೆಲಸಕ್ಕೆ ತಿರುಗಿಸೋ ಎಂಜಿನ್ ಅದು, ಮಾಮೂಲಿ ಪೆಟ್ರೋಲ್ ಕಾರು ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತೆ. 2026ರ ನಿಯಮದಲ್ಲಿ ಬಲದ ಹೆಚ್ಚುಕಡಿಮೆ ಅರ್ಧ ಪಾಲು ವಿದ್ಯುತ್ತಿನದು, ಎಲೆಕ್ಟ್ರಿಕ್ ಮೋಟರ್ 120ರಿಂದ 350 ಕಿಲೋವಾಟ್‌ಗೆ ಏರಿದೆ, ಇಂಧನ ನೆಲದಿಂದ ತೆಗೆದ ಕಚ್ಚಾ ತೈಲದ್ದಾಗಿರಬಾರದು. ಎಲ್ಲಾ ದೊಡ್ಡ ಕೆಲಸವೇ. ಆದರೆ ಇದೆಲ್ಲ ಆ ಎಪ್ಪತ್ತು ಪೈಸೆಯೊಳಗಿನ ಉಳಿತಾಯ.

ಉಳಿದ ತೊಂಬತ್ತೊಂಬತ್ತು ರೂಪಾಯಿ ಚಿಲ್ಲರೆಯಲ್ಲಿ ಹೆಚ್ಚಿನ ಪಾಲು ಇರೋದು ರೇಸ್ ಕ್ಯಾಲೆಂಡರಿನಲ್ಲಿ. ಮೇ ತಿಂಗಳಲ್ಲಿ ಮಯಾಮಿ, ಅಲ್ಲಿಂದ ಯುರೋಪ್, ಮತ್ತೆ ಜೂನ್‌ನಲ್ಲಿ ಕೆನಡಾ, ಪುನಃ ಯುರೋಪ್. ಹೀಗೆ ಅಟ್ಲಾಂಟಿಕ್ ಸಾಗರವನ್ನ ಮನೆ ಅಂಗಳದ ಹಾಗೆ ದಾಟ್ತಿದ್ರು. 2026ಕ್ಕೆ ಕೆನಡಾ ರೇಸನ್ನ ಮಯಾಮಿ ಬೆನ್ನಿಗೇ ತಂದು, ಮೊನಾಕೊವನ್ನ ಜೂನ್‌ಗೆ ಸರಿಸಿದ್ದಾರೆ. 2024ರ ಕೊನೆಗೆ ಹೊಗೆ 2018ಕ್ಕಿಂತ ಶೇ 26 ಇಳಿದಿದೆ ಅಂತ ಅವರೇ ವರದಿ ಕೊಟ್ಟಿದ್ದಾರೆ. 2030ಕ್ಕೆ ನಿವ್ವಳ ಸೊನ್ನೆ, ಅಂದ್ರೆ ಇಳಿಸೋಕೆ ಆಗದ ಹೊಗೆಯನ್ನ ಬೇರೆ ಕಡೆ ಸರಿದೂಗಿಸೋದು, ಅನ್ನೋದು ಗುರಿ. ವರ್ಷಕ್ಕೆ 24 ರೇಸ್ ಇಟ್ಕೊಂಡು ಅಲ್ಲಿಗೆ ಮುಟ್ಟೋದು ಕಷ್ಟ ಅನ್ನೋದು ನನ್ನ ಅಭಿಪ್ರಾಯ.

ಆರೆಕ್ಸ್ ಪ್ರೇಮಿ | ರಾತ್ರಿ 10:40

ನೋಡಿ, 0.7! ನಾನು ಹೇಳಿದ್ದೂ ಇದನ್ನೇ.

ನಂದಿ ತಪ್ಪಲು | ನಂದಿ ಗ್ರಾಮ | ಸೋಮವಾರ ಬೆಳಿಗ್ಗೆ 6:15

ನಾನು ನಿವೃತ್ತ ಶಿಕ್ಷಕಿ. ರೇಸಿಂಗ್ ಬಗ್ಗೆ ಏನೂ ತಿಳಿಯದು. ನನ್ನ ಅಣ್ಣನ ಮಗ ಈ ಚರ್ಚೆ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ.

ಶೇಕಡಾವಾರು ಲೆಕ್ಕ ಚೆನ್ನಾಗಿದೆ. ಆದರೆ ಅದರಲ್ಲಿ ನಮ್ಮ ಊರು ಎಲ್ಲಿದೆ? ಬೆಟ್ಟದ ಗೇಟು ಇನ್ನೂ ತೆಗೆದಿರುವುದಿಲ್ಲ. ಭಾನುವಾರ ನಾಲ್ಕೂವರೆಯಿಂದಲೇ ಬೆಂಗಳೂರಿನ ಬೈಕುಗಳು ಶುರು. ಒಂದರ ಹಿಂದೆ ಒಂದು, ಒಬ್ಬರನ್ನೊಬ್ಬರು ಹಿಂದೆ ಹಾಕಿಕೊಂಡು. ಡೈರಿಗೆ ಹಾಲು ಹಾಕಲು ಹೆಂಗಸರು ರಸ್ತೆ ದಾಟುವ ಹೊತ್ತು ಅದು. ನಮ್ಮ ಪಕ್ಕದ ಮನೆಯ ಹಸು ಸದ್ದಿಗೆ ಬೆಚ್ಚಿ ಹಗ್ಗ ಕಿತ್ತುಕೊಂಡು ಹೋಗಿ ದ್ರಾಕ್ಷಿ ತೋಟದ ತಂತಿಗೆ ಸಿಕ್ಕಿಕೊಂಡಿತು. ಕೆಚ್ಚಲಿಗೆ ಗಾಯ. ಹದಿನೈದು ದಿನ ಹಾಲಿಲ್ಲ. ಆ ಮನೆಗೆ ಹಾಲಿನ ದುಡ್ಡೇ ವಾರದ ಸಂತೆ ಖರ್ಚು.

ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ ಎಂದು 2000ದಲ್ಲೇ ಕೇಂದ್ರದ ನಿಯಮ ಬಂದಿದೆ. ಆ ನಿಯಮದಲ್ಲಿ ಬೆಳಿಗ್ಗೆ 6ರ ತನಕವೂ ರಾತ್ರಿಯೇ. ನಿಮ್ಮ ಆಟ ಬೇಡ ಎನ್ನುತ್ತಿಲ್ಲ. ಅದರ ಹೊಗೆ, ಸದ್ದು ಯಾರ ಮನೆ ಮುಂದೆ ಬೀಳುತ್ತದೆ ಎಂದು ಕೇಳುತ್ತಿದ್ದೇನೆ.

ಆರೆಕ್ಸ್ ಪ್ರೇಮಿ | ಬೆಳಿಗ್ಗೆ 8:02

ಮೇಡಂ, ಅದು ರೇಸಿಂಗೇ ಅಲ್ಲ. ರಸ್ತೇಲಿ ಓಡಿಸೋರು ರೇಸರ್‌ಗಳಲ್ಲ. ಲೈಸೆನ್ಸ್ ತಗೊಂಡು, ಹೆಲ್ಮೆಟ್ ಸೂಟ್ ಹಾಕ್ಕೊಂಡು ಟ್ರ್ಯಾಕಿಗೆ ಇಳಿಯೋರನ್ನೂ ಇವರನ್ನೂ ಒಂದೇ ತಕ್ಕಡೀಲಿ ಹಾಕಬೇಡಿ.

ನಂದಿ ತಪ್ಪಲು | ಬೆಳಿಗ್ಗೆ 8:20

ಒಪ್ಪುತ್ತೇನೆ. ಆದರೆ ನಿಮ್ಮ ಹೆಸರಿನ ಪಕ್ಕದ ಫೋಟೊದಲ್ಲಿರುವ ರಸ್ತೆ ನನಗೆ ಗೊತ್ತು. ಅದು ನಮ್ಮ ಊರ ಹಾದಿ.

ಪೀಣ್ಯ ಲೇತ್ | ಪೀಣ್ಯ 2ನೇ ಹಂತ | ಸೋಮವಾರ ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೀತಿದ್ದೀನಿ. ಇಪ್ಪತ್ತು ವರ್ಷದಿಂದ ಬೋರಿಂಗ್, ಹೋನಿಂಗ್ ಕೆಲಸ, ಅಂದ್ರೆ ಎಂಜಿನ್ ಸಿಲಿಂಡರ್ ಕೊರೆದು ನುಣುಪು ಮಾಡೋದು. ಆರೆಕ್ಸ್ 100, ಯೆಜ್ಡಿಯಂಥ ಹಳೇ ಟು ಸ್ಟ್ರೋಕ್ ಬೈಕುಗಳ ಬ್ಲಾಕುಗಳು ನನ್ನ ಕೈಯಲ್ಲಿ ಎಷ್ಟು ಹೋಗಿವೆಯೋ.

ಕಾರ್ಟಿಂಗ್ ಅಪ್ಪ ಸಾರ್, ಒಂದು ವಿಷಯ ಸೇರಿಸ್ಕೊಳ್ಳಿ. ಟು ಸ್ಟ್ರೋಕಿನ ತೊಂದರೆ ಲೀಟರ್ ಲೆಕ್ಕದಲ್ಲಿ ಪೂರ್ತಿ ಕಾಣಲ್ಲ. ಅದರಲ್ಲಿ ಫೋರ್ ಸ್ಟ್ರೋಕಿನ ಹಾಗೆ ಸಿಲಿಂಡರ್ ತಲೇಲಿ ವಾಲ್ವ್ ಇಲ್ಲ, ಸಿಲಿಂಡರ್ ಗೋಡೇಲಿ ಕಿಂಡಿಗಳು. ಪಿಸ್ಟನ್ ಕೆಳಗೆ ಬಂದಾಗ ಹೊಗೆ ಹೋಗೋ ಕಿಂಡಿ, ಹೊಸ ಪೆಟ್ರೋಲ್-ಗಾಳಿ ಬರೋ ಕಿಂಡಿ ಎರಡೂ ಒಟ್ಟಿಗೇ ತೆರೆದಿರ್ತವೆ. ಬಂದ ಹೊಸ ಪೆಟ್ರೋಲಲ್ಲಿ ಸ್ವಲ್ಪ ಸುಡದೆ ಹಾಗೇ ಸೈಲೆನ್ಸರಿಗೆ ಹೋಗಿಬಿಡುತ್ತೆ. ಜೊತೆಗೆ ಪೆಟ್ರೋಲಿಗೆ ಬೆರೆಸಿದ ಆಯಿಲ್. ಆ ನೀಲಿ ಹೊಗೆ, ನಮಗೆ ಇಷ್ಟವಾಗೋ ಆ ವಾಸನೆ, ಅದೇ ಇದು. ಮೊದಲು ಬೆಂಗಳೂರಲ್ಲಿ ಆಟೋಗಳೆಲ್ಲ ಟು ಸ್ಟ್ರೋಕ್ ಇದ್ದಾಗ ಮೆಜೆಸ್ಟಿಕ್ಕಲ್ಲಿ ನಿಂತು ಮನೆಗೆ ಬಂದು ಕರ್ಚೀಫ್ ನೋಡಿದ್ರೆ ಗೊತ್ತಾಗ್ತಿತ್ತು. ಟ್ಯೂನಿಂಗ್ ಸರಿ ಇರೋ ಚೇಂಬರ್ (ಹೊಟ್ಟೆ ಉಬ್ಬಿದ ರೇಸ್ ಸೈಲೆನ್ಸರ್) ಆಚೆ ಹೋದ ಪೆಟ್ರೋಲನ್ನ ಅಲೆಯಿಂದ ವಾಪಸ್ ತಳ್ಳುತ್ತೆ, ಆದ್ರೆ ಎಂಜಿನ್ ಒಂದು ವೇಗದ ಆಸುಪಾಸಲ್ಲಿ ತಿರುಗುವಾಗ ಮಾತ್ರ. ಗಲ್ಲಿಯಲ್ಲಿ ಓಡಿಸುವಾಗ ಅದರಿಂದ ಬರೋದು ಸದ್ದು ಒಂದೇ.

ಇನ್ನೊಂದು. ರೇಸ್ ಟ್ರ್ಯಾಕಿನಿಂದ ರಸ್ತೆಗೆ ಒಳ್ಳೇದು ಇಳಿದು ಬರುತ್ತೆ ಅಂತಾರಲ್ಲ, ಅದು ನಿಜ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸ್ ಗೆದ್ದಮೇಲೆ ಆ ಬ್ರೇಕು ಇವತ್ತು ನಮ್ಮ ಸ್ಕೂಟರ್ ತನಕ ಬಂದಿದೆ. ಫಾರ್ಮುಲಾ ಒನ್ ತಂಡ ವಿಲಿಯಮ್ಸ್‌ನ ಎಂಜಿನಿಯರುಗಳು ಕಾರಿನ ರೆಕ್ಕೆ ಮೇಲೆ ಗಾಳಿ ತಿರುಗಿಸೋ ವಿದ್ಯೆಯನ್ನ ಅಂಗಡಿ ಫ್ರಿಜ್ಜಿಗೆ ತಂದ್ರು. ಬಾಗಿಲಿಲ್ಲದ ಫ್ರಿಜ್ಜಿನ ಶೆಲ್ಫ್ ಅಂಚಿಗೆ ಸಣ್ಣ ಪಟ್ಟಿ ಕೂರಿಸಿ, ತಣ್ಣನೆ ಗಾಳಿ ಹೊರಗೆ ಚೆಲ್ಲದ ಹಾಗೆ ಮಾಡಿ ಕರೆಂಟು ಉಳಿಸೋದು. ಆದರೆ ಉಲ್ಟಾ ಉದಾಹರಣೆಯೂ ಇದೆ. ನಮ್ಮ ದೇಶ 2000ದಲ್ಲೇ ಸೀಸದ ಪೆಟ್ರೋಲ್ ಬಿಟ್ಟಿತು. ಅಮೆರಿಕದ ನ್ಯಾಸ್ಕಾರ್ ಕಾರು ರೇಸಿನೋರು ಬಿಟ್ಟಿದ್ದು 2007ರಲ್ಲಿ. ಅಷ್ಟು ವರ್ಷ ಆ ಟ್ರ್ಯಾಕುಗಳ ಸುತ್ತಲಿನ ಮಕ್ಕಳು ಆ ಗಾಳಿ ಕುಡಿದ್ರು. ರೇಸಿಂಗ್ ಯಾವಾಗಲೂ ಮುಂದೆ ಇರುತ್ತೆ ಅನ್ನೋದನ್ನ ನಾನು ಒಪ್ಪಲ್ಲ.

ಮದ್ದೂರಿನೋನು | ಕೆಂಗೇರಿ | ಸೋಮವಾರ ರಾತ್ರಿ 8:45

ಪಿಟ್‌ವಾಲ್ ಸಾರ್, ಇಂಧನ ನೆಲದಿಂದ ತೆಗೆದಿದ್ದಾಗಿರಬಾರದು ಅಂದ್ರಲ್ಲ, ಅಲ್ಲೊಂದು ಮಾತು ಐತೆ. ನಮ್ಮದು ಕಬ್ಬಿನ ಮನೆ. ಈಗ ಬಂಕಲ್ಲಿ ಹಾಕ್ಸೋ ಪೆಟ್ರೋಲಲ್ಲೇ ಶೇ 20 ಎಥನಾಲ್. ಹಸಿರು ಇಂಧನ ಅಂತಾರೆ. ಒಂದು ಲೀಟರ್ ಎಥನಾಲಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಅದು ಹಂಗಿರ್ಲಿ. ಕಬ್ಬಿಗೆ ನೀರು ಎಲ್ಲಿಂದ ಬರ್ತದೆ? ವಿಶ್ವೇಶ್ವರಯ್ಯ ನಾಲೆಯಿಂದ. 2023ರಲ್ಲಿ ಮಳೆ ಕೈಕೊಟ್ಟಾಗ ಕಾವೇರಿಗಾಗಿ ಬೆಂಗಳೂರು ಬಂದ್ ಆಯ್ತು, 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ ಅಪಾರ್ಟ್‌ಮೆಂಟುಗಳೇ ಟ್ಯಾಂಕರ್ ಮುಂದೆ ಸಾಲು ನಿಂತವು. ನೀರು ಕುಡಿದು ಬೆಳೆದ ಬೆಳೆನ ಟ್ಯಾಂಕಿಗೆ ಸುರಿದು ಹಸಿರು ಅನ್ನೋದು ನಂಗೆ ಹೊಟ್ಟೆಗೆ ಇಳಿಯಲ್ಲ.

ಆದ್ರೆ ಒಂದು ಖುಷಿ ವಿಷಯ. ಅಮೆರಿಕದ ಇಂಡಿಕಾರ್ ರೇಸಲ್ಲಿ 2023ರಿಂದ ಬಳಸ್ತಿರೋ ಇಂಧನದಲ್ಲಿ ಇರೋ ಎಥನಾಲ್ ಕಬ್ಬಿನ ರಸದ್ದಲ್ಲ, ಕಬ್ಬಿನ ಕಸದ್ದು. ಲೆ ಮಾನ್‌ನಲ್ಲಿ 2022ರಿಂದ ದ್ರಾಕ್ಷಿ ವೈನ್ ಮಾಡಿ ಉಳಿದ ಗಷ್ಟಿಂದ ಮಾಡಿದ ಇಂಧನ. ನಮ್ಮ ಕಡೆ ಕಟಾವು ಆದಮೇಲೆ ತರಗಿಗೆ ಬೆಂಕಿ ಇಕ್ತಾರೆ. ಸಂಜೆ ಹೊತ್ತು ಮೈಸೂರು ರಸ್ತೇಲಿ ಬರ್ತಾ ನೋಡಿ, ಗದ್ದೆ ಗದ್ದೇಲೂ ಹೊಗೆ. ಆ ತರಗನ್ನ ಕೊಳ್ಳೋರು ಇದ್ರೆ ಯಾವ ರೈತ ಸುಡ್ತಾನೆ? ರೇಸಿನೋರು ಇಂಥದ್ದನ್ನ ಮಾಡಿ ತೋರ್ಸಿದ್ರೆ ನಾನು ದುಡ್ಡು ಕೊಟ್ಟು ಟಿಕೆಟ್ ತಗೋತೀನಿ.

ಪಿಟ್‌ವಾಲ್ | ರಾತ್ರಿ 9:10

ಇದು ಬಹಳ ಮುಖ್ಯವಾದ ಮಾತು. ಫಾರ್ಮುಲಾ ಒನ್ 2026ರ ಇಂಧನಕ್ಕೂ ಅದೇ ಷರತ್ತು: ಊಟದ ಬೆಳೆಯಿಂದ ಮಾಡಬಾರದು. ಕಸ, ಬೆಳೆಯ ಉಳಿಕೆ, ಇಲ್ಲವೇ ಗಾಳಿಯಿಂದ ಹಿಡಿದ ಇಂಗಾಲ ಆಗಬಹುದು. ಬೆಲೆ ಮಾತ್ರ ಸದ್ಯಕ್ಕೆ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಕಾಫಿತೋಟದ ಹುಡುಗಿ | ಬನಶಂಕರಿ | ಸೋಮವಾರ ರಾತ್ರಿ 11:20

ನಮ್ಮೂರು ಚಿಕ್ಕಮಗಳೂರು ಕಡೆ. ಕೆಲಸಕ್ಕೆ ಇಲ್ಲಿದ್ದೀನಿ. ಕಾಲೇಜಿನಲ್ಲಿದ್ದಾಗ ನಮ್ಮ ಕಡೆ ನಡೆದ ರ‍್ಯಾಲಿಗಳಲ್ಲಿ ದಾರಿ ಕಾಯೋ ಮಾರ್ಷಲ್ ಆಗಿ ನಿಂತಿದ್ದೀನಿ, ಎರಡು ವರ್ಷ.

ರ‍್ಯಾಲಿ ಅಂದ್ರೆ ಎಸ್ಟೇಟ್ ಒಳಗಿನ ಮಣ್ಣುದಾರಿ. ಗೇಟು ಹಾಕಿ, ಜನ ಓಡಾಡದ ಹಾಗೆ ಮಾಡಿ, ಒಂದೊಂದೇ ಕಾರು ಬಿಡ್ತಾರೆ. ಸಿಲ್ವರ್ ಓಕ್ ಮರಗಳ ನಡುವೆ ಕಾರು ಕಾಣೋಕೆ ಮೊದಲೇ ಸದ್ದು ಬರುತ್ತೆ, ಆಮೇಲೆ ಕೆಂಪು ಧೂಳು. ಆ ಧೂಳು ಕಾಫಿ ಎಲೆ ಮೇಲೆ ಕೂತರೆ ಮುಂದಿನ ಮಳೆ ತನಕ ಹಾಗೇ. ನನಗೆ ಆ ಎರಡು ದಿನ ಅಂದ್ರೆ ಹಬ್ಬ, ಈಗಲೂ ನೆನೆಸಿಕೊಂಡರೆ ಮೈ ಜುಮ್ಮನ್ನುತ್ತೆ. ಆದರೆ ಮೂರನೇ ದಿನ ನಾನು ಅಲ್ಲಿ ಇರ್ತಿದ್ದೆ, ಕಾರುಗಳು ಇರ್ತಿರಲಿಲ್ಲ. ಲೈನ್ ಮನೆಯ, ಅಂದ್ರೆ ತೋಟದ ಕೂಲಿಯವರ ಸಾಲುಮನೆಯ, ಹೆಂಗಸರು ದಾರಿ ಬದಿಯ ನೀರಿನ ಬಾಟಲಿ, ಹರಿದ ಟೇಪು, ಬಂಪರ್ ಚೂರು ಆಯ್ತಿದ್ರು. ಒಂದು ಕಡೆ ಆಯಿಲ್ ಸೋರಿ ತೊರೆಗೆ ಇಳಿದಿತ್ತು. ಆ ತೊರೆ ನೀರೇ ಅವರಿಗೆ ಪಾತ್ರೆ ತೊಳೆಯೋಕೆ. ಏರ್ಪಾಡು ಮಾಡಿದವರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಮುಂದಿನ ವರ್ಷ ಬೇರೆಯವರು ವಹಿಸ್ಕೊಂಡಾಗ ಕಾರು ರಿಪೇರಿ ಮಾಡೋ ಪ್ರತಿ ಸರ್ವೀಸ್ ಜಾಗದಲ್ಲಿ ಕಾರಿನ ಕೆಳಗೆ ಟಾರ್ಪಾಲಿನ್ ಹಾಸೋದು ಕಡ್ಡಾಯ ಮಾಡಿದ್ರು. ಸೋರಿಕೆ ಮಣ್ಣಿಗೆ ಬೀಳಲೇ ಇಲ್ಲ. ಖರ್ಚು ಎಷ್ಟು ಹೇಳಿ? ಒಂದು ಟಾರ್ಪಾಲಿನ್.

ಇದಕ್ಕಿಂತ ನನಗೆ ಭಯ ಆಗೋದು ರ‍್ಯಾಲಿ ಹೆಸರಿಲ್ಲದೆ ವಾರಾಂತ್ಯಕ್ಕೆ ಬರೋ ಜೀಪುಗಳನ್ನ ನೋಡಿದರೆ. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲಲ್ಲಿ ಒಂದು ಸಲ ಚಕ್ರ ಕಿತ್ತ ಗೀರು ಮಳೆಗಾಲದಲ್ಲಿ ಕಾಲುವೆ ಆಗುತ್ತೆ. ಆ ಹುಲ್ಲೇ ನೀರನ್ನ ಹಿಡಿದಿಟ್ಟು ನಿಧಾನವಾಗಿ ಹೊಳೆಗೆ ಬಿಡೋದು. ಭದ್ರಾ, ಹೇಮಾವತಿ ಹುಟ್ಟೋ ಸೀಮೆ ಅದು. ಹೇಮಾವತಿ ಕಾವೇರಿಗೆ ಸೇರುತ್ತೆ, ಕಾವೇರಿ ಈ ಊರಿನ ನಲ್ಲಿಗೆ ಬರುತ್ತೆ.

ಕಾಲೇಜು ಗ್ಯಾರೇಜ್ | ಕೆಂಗೇರಿ | ಮಂಗಳವಾರ ಬೆಳಗಿನ ಜಾವ 2:05

ನಾವು ವಿದ್ಯಾರ್ಥಿಗಳ ರೇಸ್ ಕಾರು ಕಟ್ಟೋ ತಂಡ. ಮೊದಲು ಪೆಟ್ರೋಲ್ ಕಾರು ಮಾಡ್ತಿದ್ವಿ, ಈಗ ಎಲೆಕ್ಟ್ರಿಕ್. ಸೀನಿಯರ್‌ಗಳು ಮೊದಲು ಮುನಿಸ್ಕೊಂಡ್ರು, ಸದ್ದೇ ಇಲ್ಲ ಅಂತ. ಆದ್ರೆ ಕಾರು ಹೊರಟ ಮೊದಲ ಐವತ್ತು ಮೀಟರ್ ನೋಡಿದಮೇಲೆ ಯಾರೂ ಮಾತಾಡಲಿಲ್ಲ.

ಎಲೆಕ್ಟ್ರಿಕ್ ಅಂದ್ರೆ ಹೊಗೆ ಇಲ್ಲ ಅನ್ನೋದಷ್ಟೇ ಮುಖ್ಯ ಅಲ್ಲ. ಬ್ರೇಕ್ ಹಾಕಿದಾಗ ವ್ಯರ್ಥವಾಗೋ ಶಕ್ತಿಯನ್ನ ವಾಪಸ್ ಬ್ಯಾಟರಿಗೆ ತರೋದನ್ನ ರೇಸಿಂಗ್ ಎಷ್ಟು ಮುಂದಕ್ಕೆ ಒಯ್ದಿದೆ ನೋಡಿ. 2014ರಲ್ಲಿ ಬೀಜಿಂಗ್‌ನಲ್ಲಿ ಎಲೆಕ್ಟ್ರಿಕ್ ಕಾರುಗಳ ರೇಸ್ ಸರಣಿ ಫಾರ್ಮುಲಾ ಇ ಶುರುವಾದಾಗ ಬ್ಯಾಟರಿ ಅರ್ಧ ರೇಸಿಗೇ ಮುಗೀತಿತ್ತು, ಡ್ರೈವರ್ ಪಿಟ್‌ಗೆ ಬಂದು ಇನ್ನೊಂದು ಕಾರಿಗೆ ಹಾರಿ ಕೂರ್ತಿದ್ದ. ನಾಲ್ಕು ವರ್ಷ ಕಳೆದಮೇಲೆ ಒಂದೇ ಕಾರಲ್ಲಿ ರೇಸ್ ಮುಗಿಸೋ ಹಾಗಾಯ್ತು. 2023ರ ಮೂರನೇ ತಲೆಮಾರಿನ ಕಾರು ರೇಸಲ್ಲಿ ಖರ್ಚು ಮಾಡೋ ಶಕ್ತಿಯಲ್ಲಿ ಶೇ 40ರಷ್ಟು ಬ್ರೇಕಿನಿಂದಲೇ ಗಳಿಸುತ್ತೆ. ಸಿಗ್ನಲ್ ಹತ್ತಿರ ಎಲೆಕ್ಟ್ರಿಕ್ ಬಿಎಂಟಿಸಿ ಬಸ್ ನಿಧಾನಿಸುವಾಗ ಗುಂಯ್ ಅನ್ನೋ ಸದ್ದು ಬರುತ್ತಲ್ಲ, ಅದೂ ಇದೇ ಕೆಲಸ. ನಮ್ಮ ಊರಿನ ನಿಂತು-ಹೊರಡೋ ಟ್ರಾಫಿಕ್ಕಿಗೆ ಇದಕ್ಕಿಂತ ಹೊಂದೋ ವಿದ್ಯೆ ಇನ್ನೊಂದಿಲ್ಲ.

2023ರ ಫೆಬ್ರುವರಿ 11ರಂದು ಹೈದರಾಬಾದ್‌ನಲ್ಲಿ ಫಾರ್ಮುಲಾ ಇ ನಡೆದಾಗ ನಾವು ಹತ್ತು ಜನ ಹೋಗಿದ್ವಿ. ಜಾನ್-ಎರಿಕ್ ವರ್ನ್ ಗೆದ್ದ. ಕಾರು ಹತ್ತಿರದಲ್ಲೇ ಹೋದ್ರೂ ಪಕ್ಕದವರ ಮಾತು ಕೇಳಿಸ್ತಿತ್ತು. ಆದ್ರೆ ಮರುವರ್ಷದ ರೇಸ್ ರದ್ದಾಯ್ತು. ಒಂದು ದಿನಕ್ಕಾಗಿ ಹಾಕಿದ ತಡೆಗೋಡೆ, ಬೇಲಿ, ಗ್ಯಾಲರಿ ನೆನೆಸಿಕೊಂಡರೆ ಸಂಕಟ ಆಗುತ್ತೆ.

ಆರೆಕ್ಸ್ ಪ್ರೇಮಿ | ಬೆಳಿಗ್ಗೆ 7:50

ಕರೆಂಟು ರಾಯಚೂರಿನ ಕಲ್ಲಿದ್ದಲಿಂದ ಬಂದ್ರೆ ಆ ಕಾರೂ ಹೊಗೆ ಕಾರೇ ಅಲ್ವಾ?

ಕಾಲೇಜು ಗ್ಯಾರೇಜ್ | ಬೆಳಿಗ್ಗೆ 9:30

ಆ ಪಾಲು ಇದೆ, ಸುಳ್ಳಲ್ಲ. ಆದರೆ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ, ಶರಾವತಿಯ ನೀರಿನ ಕರೆಂಟಿದೆ, ಗದಗ, ಚಿತ್ರದುರ್ಗದ ಗಾಳಿ ಇದೆ. ಗ್ರಿಡ್ ಸುಧಾರಿಸಿದ ಹಾಗೆಲ್ಲ ನಮ್ಮ ಕಾರೂ ತಾನಾಗೇ ಸುಧಾರಿಸುತ್ತೆ. ಪೆಟ್ರೋಲ್ ಎಂಜಿನ್‌ಗೆ ಆ ಭಾಗ್ಯ ಇಲ್ಲ.

ಕಾರ್ಟಿಂಗ್ ಅಪ್ಪ | ಮಂಗಳವಾರ ರಾತ್ರಿ 10:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರತಿಯೊಂದನ್ನೂ ಓದಿದೆ. ನಿನ್ನೆ ಇವತ್ತು ಕೂತು ನಮ್ಮ ಮನೆಯ ಲೆಕ್ಕ ಹಾಕಿದೆ. ಡೈರಿ, ಬಂಕ್ ಬಿಲ್ಲು ಎಲ್ಲ ತೆಗೆದು, ಮಗಳನ್ನ ಪಕ್ಕದಲ್ಲೇ ಕೂರಿಸ್ಕೊಂಡು.

ಹೋದ ವರ್ಷ 26 ದಿನ ಪ್ರಾಕ್ಟೀಸ್, ಐದು ರೇಸ್ ವಾರಾಂತ್ಯ. ಕಾರ್ಟ್ ಒಂದೇ ಸುಟ್ಟಿದ್ದು ಸುಮಾರು 370 ಲೀಟರ್. ಕಾರ್ಟನ್ನ ಟ್ರೈಲರ್‌ನಲ್ಲಿ ಎಳ್ಕೊಂಡು ಕೊಯಮತ್ತೂರಿಗೆ ಮೂರು ಸಲ, ಚೆನ್ನೈ ಹತ್ತಿರದ ಟ್ರ್ಯಾಕಿಗೆ ಎರಡು ಸಲ, ಆಮೇಲೆ ಪ್ರಾಕ್ಟೀಸಿಗೆ ಹೋಗಿ ಬಂದಿದ್ದು, ಎಲ್ಲ ಸೇರಿ ಡೀಸೆಲ್ ಹತ್ತಿರ ಹತ್ತಿರ 495 ಲೀಟರ್. ಇದರ ಜೊತೆ ಒಂದು ಸಲ ಮೂವರೂ ಸಿಂಗಪುರಕ್ಕೆ ಫಾರ್ಮುಲಾ ಒನ್ ನೋಡೋಕೆ ಹೋಗಿದ್ವಿ. ವಿಮಾನದಲ್ಲಿ ಒಂದು ಸೀಟಿಗೆ 30 ಕಿಲೋಮೀಟರಿಗೆ ಒಂದು ಲೀಟರ್ ಅಂತ ಹಿಡಿದರೂ ಹೋಗಿಬರೋಕೆ ಮೂರು ಸೀಟಿಗೆ 630 ಲೀಟರ್.

ಒಟ್ಟು 1,495 ಲೀಟರ್. ಅದರಲ್ಲಿ ಅವಳ ಕಾರ್ಟಿನ ಪಾಲು ನಾಲ್ಕರಲ್ಲಿ ಒಂದು. ಫಾರ್ಮುಲಾ ಒನ್ ತರಹ 0.7 ಅಲ್ಲ. ಆ ಸಣ್ಣ ಅಂಕಿ ತೋರಿಸಿ ನಾನು ಮಗುನ ಸಮಾಧಾನ ಮಾಡಿದ್ದಿದ್ದರೆ ಸುಳ್ಳು ಹೇಳಿದ ಹಾಗೆ ಆಗ್ತಿತ್ತು. ಉಳಿದ ಮುಕ್ಕಾಲು ಪಾಲು ಮಾತ್ರ ಪೂರ್ತಿ ನಮ್ಮ ಓಡಾಟ, ನಾನು ಮಾಡಿದ ನಿರ್ಧಾರ. ಅವಳ ಸ್ಟೇರಿಂಗಿಗೂ ಅದಕ್ಕೂ ಸಂಬಂಧ ಇಲ್ಲ.

ಅವಳಿಗೆ "ಹೌದು ಪುಟ್ಟಾ, ಆ ಹುಡುಗ ಹೇಳಿದ್ದು ನಿಜ" ಅಂದೆ. ಅವಳು ಅಂಕಿಗಳನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡಳು. ಆಮೇಲೆ, "ಸಿಂಗಪುರ ಟೀವೀಲಿ ನೋಡಬಹುದಿತ್ತಲ್ಲಪ್ಪ" ಅಂದಳು. ನಾನು ಆ ಟ್ರಿಪ್‌ಗೆ ಎಂಟು ತಿಂಗಳು ದುಡ್ಡು ಕೂಡಿಟ್ಟಿದ್ದೆ. ಅವಳಿಗೋಸ್ಕರ ಅಂತಲೇ ಅಂದ್ಕೊಂಡಿದ್ದೆ.

ಈ ವರ್ಷ ವಿಮಾನ ಇಲ್ಲ. ಕೊಯಮತ್ತೂರಿಗೆ ಹೋಗೋ ಇನ್ನೆರಡು ಕುಟುಂಬಗಳ ಜೊತೆ ಮಾತಾಡಿದೆ, ಮೂರು ಕಾರ್ಟೂ ಒಂದೇ ಗೂಡ್ಸ್ ಗಾಡೀಲಿ ಕಳಿಸ್ತೀವಿ, ನಾವು ಟ್ರೈನಲ್ಲಿ ಹೋಗ್ತೀವಿ. ಕಾರ್ಟನ್ನ ಎಲೆಕ್ಟ್ರಿಕ್‌ಗೆ ಬದಲಾಯಿಸೋದು ಸದ್ಯಕ್ಕೆ ನಮ್ಮಿಂದ ಆಗಲ್ಲ, ಅವಳ ವಿಭಾಗದ ರೇಸ್ ನಡೆಯೋದೇ ಟು ಸ್ಟ್ರೋಕ್‌ನಲ್ಲಿ.

ಪಿಟ್‌ವಾಲ್ | ರಾತ್ರಿ 10:50

ಸಾರ್, ನಿಮ್ಮ ಲೆಕ್ಕ ನೋಡಿ ನನ್ನದು ಹಾಕಿದೆ. ನಾನು ಓಡಿಸೋನಲ್ಲ, ನೋಡೋನು. ಅಂದ್ರೆ ನನ್ನದು ನೂರಕ್ಕೆ ನೂರು ಓಡಾಟದ ಹೊಗೆ. 2011, 12, 13 ಮೂರೂ ವರ್ಷ ಬುದ್ಧ್ ಸರ್ಕ್ಯೂಟಿನ ಫಾರ್ಮುಲಾ ಒನ್ ರೇಸಿಗೆ ದಿಲ್ಲಿ ವಿಮಾನ ಹತ್ತಿದೋನು ನಾನು. ಮೂರೂ ಸಲ ಗೆದ್ದಿದ್ದು ಜರ್ಮನಿಯ ಡ್ರೈವರ್ ವೆಟೆಲ್. ಅದೇ ವೆಟೆಲ್ 2022ರಲ್ಲಿ ಬಿಬಿಸಿ ಕಾರ್ಯಕ್ರಮದಲ್ಲಿ ಪರಿಸರದ ಮಾತಾಡಿಕೊಂಡೇ ವಿಮಾನದಲ್ಲಿ ಲೋಕ ಸುತ್ತಿ ರೇಸ್ ಮಾಡೋದು ಕಪಟ ಅಲ್ಲವಾ ಅಂತ ಕೇಳಿದಾಗ, ಹೌದು ಅಂತ ಒಪ್ಪಿಕೊಂಡ. ಆ ವರ್ಷದ ಕೊನೆಗೆ ನಿವೃತ್ತನಾದ. ಆ ಒಪ್ಪಿಗೆ ಕೇಳಿದಮೇಲೆ ಅವನ ಮೇಲೆ ನನಗೆ ಗೌರವ ಹೆಚ್ಚಾಯ್ತು.

ದಾರಿ ಇದೆ ಅನ್ನೋಕೆ ಒಂದು ಉದಾಹರಣೆ: ಹಾಲೆಂಡಿನ ಝಾಂಡ್‌ವೂರ್ಟ್. ಸಮುದ್ರದಂಡೆಯ ಮರಳುದಿಬ್ಬಗಳ ನಡುವಿನ ಟ್ರ್ಯಾಕ್. ಅಲ್ಲಿನ ಅಪರೂಪದ ಹಲ್ಲಿ, ಕಪ್ಪೆಗಳಿಗೆ ತೊಂದರೆ ಅಂತ ಪರಿಸರ ಸಂಘಟನೆಗಳು ಕೋರ್ಟಿಗೂ ಹೋಗಿದ್ದವು, ಕೇಸ್ ನಿಲ್ಲಲಿಲ್ಲ. 2021ರಲ್ಲಿ ರೇಸ್ ವಾಪಸ್ ಬಂದಾಗ ಪ್ರೇಕ್ಷಕರ ಕಾರುಗಳಿಗೆ ಊರೊಳಗೆ ಜಾಗವೇ ಇಡಲಿಲ್ಲ. ಐದೈದು ನಿಮಿಷಕ್ಕೆ ರೈಲು, ಸಾವಿರಾರು ಸೈಕಲ್. ಕಿತ್ತಳೆ ಅಂಗಿ ಹಾಕ್ಕೊಂಡು ಇಡೀ ಕುಟುಂಬಗಳು ಸೈಕಲ್ ತುಳ್ಕೊಂಡು ರೇಸಿಗೆ ಬರೋ ದೃಶ್ಯ ನನಗೆ ರೇಸ್‌ಗಿಂತ ಚಂದ ಕಂಡಿತ್ತು. ನಮ್ಮಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಮ್ಯಾಚ್ ದಿನ ಮೆಟ್ರೊ ರಾತ್ರಿ ತಡವಾಗಿ ಓಡುತ್ತೆ, ಸ್ಟೇಡಿಯಂ ಚಾವಣಿ ಮೇಲೆ 2015ರಿಂದ ಸೋಲಾರ್ ಇದೆ. ಕ್ರಿಕೆಟ್ಟಿಗೆ ಆಗಿದ್ದು ರೇಸಿಗೂ ಆಗಬೇಕು. ತೊಂದರೆ ಏನಂದ್ರೆ ನಮ್ಮ ಟ್ರ್ಯಾಕುಗಳೆಲ್ಲ ಊರಾಚೆ, ರೈಲು ನಿಲ್ಲೋ ಜಾಗದಿಂದ ದೂರ.

ಹಾಗಾಗಿ ನನ್ನ ಕೈಲಾಗೋದನ್ನ ಹೇಳ್ತೀನಿ. ಚೆನ್ನೈ ಹತ್ತಿರದ ಟ್ರ್ಯಾಕಲ್ಲಿ ನಡೆಯೋ ಮುಂದಿನ ರಾಷ್ಟ್ರೀಯ ರೇಸಿಗೆ ಈ ಗುಂಪಿನಿಂದಲೇ ಪ್ರತಿ ಸಲ ಹದಿನೈದು ಇಪ್ಪತ್ತು ಕಾರು ಹೋಗ್ತವೆ, ಒಂದೊಂದರಲ್ಲಿ ಇಬ್ಬರು. ಈ ಸಲ ಶುಕ್ರವಾರ ರಾತ್ರಿ ಚೆನ್ನೈ ಮೇಲ್ ರೈಲು. ಅಲ್ಲಿಂದ ಟ್ರ್ಯಾಕಿಗೆ ಒಂದು ಬಸ್ ನಾನು ಗೊತ್ತು ಮಾಡ್ತೀನಿ. 40 ಸೀಟು. ಬರೋರು ಇಲ್ಲೇ ಹೆಸರು ಹಾಕಿ.

ಪೀಣ್ಯ ಲೇತ್ | ರಾತ್ರಿ 11:02

ಎರಡು ಸೀಟು. ನಾನು ಮತ್ತೆ ನನ್ನ ಮಗ.

ಕಾಫಿತೋಟದ ಹುಡುಗಿ | ರಾತ್ರಿ 11:05

ಒಂದು. ಸರ್ವೀಸ್ ಜಾಗದಲ್ಲಿ ಟಾರ್ಪಾಲಿನ್ ಹಾಸೋ ವಿಷಯ ಅಲ್ಲಿನ ಆಯೋಜಕರ ಹತ್ರ ಮಾತಾಡಬೇಕು, ನನ್ನ ಜೊತೆ ಇನ್ನೊಬ್ಬರು ಬೇಕು.

ಕಾಲೇಜು ಗ್ಯಾರೇಜ್ | ರಾತ್ರಿ 11:30

ಆರು. ನಾನು ನಿಮ್ಮ ಜೊತೆ ಬರ್ತೀನಿ ಅಕ್ಕಾ.

ಮದ್ದೂರಿನೋನು | ಬುಧವಾರ ಬೆಳಿಗ್ಗೆ 6:40

ನಂದೂ ಒಂದು ಬರ್ಕೊಳ್ಳಿ.

ಆರೆಕ್ಸ್ ಪ್ರೇಮಿ | ಬುಧವಾರ ರಾತ್ರಿ 9:20

ಮೇಡಂ ಮಾತಿಗೆ ಎರಡು ದಿನದಿಂದ ಉತ್ತರ ಬರೀಲಿಲ್ಲ. ಮೇಡಂ ಹೇಳಿದ್ದು ಸರಿ. ಫೋಟೊದಲ್ಲಿರೋದು ನಂದಿ ರಸ್ತೆ, ಭಾನುವಾರ ಬೆಳಿಗ್ಗೆ 5 ಗಂಟೆ ಹೊತ್ತು, ನಾನೇ ಓಡಿಸ್ತಿರೋದು. ಆ ರಸ್ತೇಲಿ ಹಸು ಇರುತ್ತೆ, ಹಾಲಿನ ಕ್ಯಾನ್ ಹಿಡ್ಕೊಂಡು ಜನ ಇರ್ತಾರೆ ಅನ್ನೋದು ನಾನು ನೋಡಿದ್ದೆ. ನೋಡಿಯೂ ಓಡಿಸಿದ್ದೆ. ರೇಸರ್ ಅಂತ ಹೇಳ್ಕೊಳ್ಳೋನು ಹಾಗೆ ಮಾಡಬಾರದಿತ್ತು.

ಚೇಂಬರ್ ಬಿಚ್ಚಿದೆ. ಹಳೇ ಕಂಪನಿ ಸೈಲೆನ್ಸರ್ ಅಟ್ಟದ ಮೇಲಿತ್ತು, ತುಕ್ಕು ಉಜ್ಜಿ ಹಾಕಿದ್ದೀನಿ. ನಮ್ಮ ಭಾನುವಾರದ ಗುಂಪಲ್ಲಿ 22 ಜನ. ಹೇಳಿದೆ, ಒಂಬತ್ತು ಜನ ಒಪ್ಪಿದ್ರು, ಉಳಿದವರು ಬೈದ್ರು. ಚೆನ್ನೈಗೆ ನನ್ನದೂ ಒಂದು ಸೀಟು. ಮೇಡಂ, ಈ ಭಾನುವಾರ ನಾವು ಹತ್ತು ಜನ ನಿಮ್ಮ ಊರಿಗೆ ಬರಬಹುದಾ? ಆ ಹಸು ಮನೆಯವರನ್ನ ನೋಡಬೇಕು. ಉಳಿದವರು ಆ ಹೊತ್ತಿಗೆ ಹಾದು ಹೋಗ್ತಾರೆ, ನಾವು ರಸ್ತೆ ಬದಿ ನಿಂತು ಮಾತಾಡ್ತೀವಿ. ನಮ್ಮ ಮಾತು ಕೇಳಿದ್ರೂ ಕೇಳಬಹುದು.

ನಂದಿ ತಪ್ಪಲು | ಗುರುವಾರ ಬೆಳಿಗ್ಗೆ 6:05

ಬನ್ನಿ. ಡೈರಿ ಎದುರಿನ ಟೀ ಅಂಗಡಿ 5 ಗಂಟೆಗೆ ತೆರೆಯುತ್ತದೆ. ಗಾಡಿಗಳನ್ನು ಅಲ್ಲೇ ನಿಲ್ಲಿಸಿ ನಡೆದು ಬನ್ನಿ, ಹಿಂದಿನ ಬೀದಿಯಲ್ಲಿ ಮೂರನೆಯ ಮನೆ. ಹಸುವಿನ ಗಾಯ ಒಣಗಿದೆ, ಆದರೆ ಹೊಸಬರನ್ನು ಕಂಡರೆ ಇನ್ನೂ ಹೆದರುತ್ತದೆ. ಹತ್ತು ಜನ ಒಟ್ಟಿಗೆ ಕೊಟ್ಟಿಗೆ ಹತ್ತಿರ ಹೋಗಬೇಡಿ.